ಇಪ್ಪತ್ತನೆಯ ದಾಳಿಗೂ ಉಸಿರಿರಲಿ

ಬೈನಾದ ಮರಳಿನಲ್ಲಿ, ಝುವಾರಿನಗರದ ಖಾಲಿ ಜಾಗಗಳಲ್ಲಿ ಸಂಜೆ ಹೊತ್ತು ಕಬಡ್ಡಿ ಆಡುವ ನಿಮ್ಮನ್ನು ನೋಡಿದರೆ ನನಗೆ ಹೆಮ್ಮೆಯೆನಿಸುತ್ತದೆ, ಅದರ ಜೊತೆಗೇ ಕಳವಳವೂ ಆಗುತ್ತದೆ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ ಕಡೆಯಿಂದ ದುಡಿಮೆಗೆಂದು ಗೋವಾದ ವಾಸ್ಕೋಗೆ ಬಂದ ಮನೆಗಳ ಮಕ್ಕಳು ನೀವು. ಈ ಊರು ಫುಟ್‌ಬಾಲಿನದು. ತಿಲಕ್ ಮೈದಾನದಲ್ಲಿ ಪಂದ್ಯವಿದ್ದರೆ ಇಡೀ ಪೇಟೆಗೆ ಗೊತ್ತಾಗುತ್ತದೆ. ಅಂಥ ಊರಿನಲ್ಲೂ ಅಪ್ಪ, ಅಜ್ಜ ಆಡಿದ ಆಟವನ್ನು ಬಿಡದೆ ಉಳಿಸಿಕೊಂಡಿದ್ದೀರಿ, ಸಂತೋಷ. ಆದರೆ ಆಟವನ್ನು ಉಳಿಸಿಕೊಂಡಷ್ಟು ಜತನದಿಂದ ಮೈಯನ್ನು ಉಳಿಸಿಕೊಳ್ಳುತ್ತಿಲ್ಲ. ಅದಕ್ಕೇ ನಾಲ್ಕು ಮಾತು ಹೇಳುತ್ತೇನೆ. ಬೇಸರ ಮಾಡಿಕೊಳ್ಳದೆ ಕೇಳಿಸಿಕೊಳ್ಳಿ.

ನಿಮ್ಮಲ್ಲಿ ಬಹಳ ಜನ ಕಬಡ್ಡಿಯನ್ನು ಬರೀ ಶಕ್ತಿಯ ಆಟ ಅಂದುಕೊಂಡಿದ್ದೀರಿ. ಜಿಮ್ಮಿನಲ್ಲಿ ಎಷ್ಟು ಭಾರ ಎತ್ತಿದೆ, ತೋಳು ಎಷ್ಟು ದಪ್ಪವಾಯಿತು ಅನ್ನುವುದೇ ಲೆಕ್ಕ. ಮೊದಲ ಐದು ನಿಮಿಷ ಹುಲಿಯ ಹಾಗೆ ಆಡುತ್ತೀರಿ. ದ್ವಿತೀಯಾರ್ಧದಲ್ಲಿ ಸೊಂಟದ ಮೇಲೆ ಕೈಯಿಟ್ಟು ಬಾಯಿ ತೆರೆದು ನಿಂತಿರುತ್ತೀರಿ. ಆಗ ಎದುರಾಳಿ ತಂಡದ ಸಣಕಲು ಹುಡುಗನೊಬ್ಬ ಬಂದು ಬೋನಸ್ಸನ್ನೂ ಎತ್ತಿ, ಒಬ್ಬರನ್ನು ಮುಟ್ಟಿಯೂ ಹೋಗುತ್ತಾನೆ. ಅವನ ತೋಳು ನಿಮ್ಮದಕ್ಕಿಂತ ದಪ್ಪವಲ್ಲ. ಇಪ್ಪತ್ತನೆಯ ದಾಳಿಗೂ ಅವನಲ್ಲಿ ಉಸಿರು ಉಳಿದಿದೆ, ಅಷ್ಟೇ. ಈ ಆಟ ಕೇಳುವುದು ಒಂದು ಸಲದ ಬಲವನ್ನಲ್ಲ. ಬಿದ್ದು, ಎದ್ದು, ಮತ್ತೆ ಅದೇ ಬಲ ತೋರಿಸುವ ತಾಕತ್ತನ್ನು ಕೇಳುತ್ತದೆ.

ಇದನ್ನು ಚೆನ್ನಾಗಿ ಅಧ್ಯಯನ ಮಾಡಿದವರು ರಗ್ಬಿ ಲೀಗ್ ಆಟದವರು. ಆಸ್ಟ್ರೇಲಿಯಾದಲ್ಲಿ, ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಅದು ದೊಡ್ಡ ಆಟ. ಒಂದು ತಂಡದಲ್ಲಿ 13 ಜನ, 80 ನಿಮಿಷದ ಪಂದ್ಯ. ಚೆಂಡು ಹಿಡಿದ ತಂಡವನ್ನು ಆರು ಸಲ ಕೆಡವುವವರೆಗೆ ಚೆಂಡು ಅವರದೇ. ಪ್ರತಿ ಸಲ ಕೆಡವಿದ ಮೇಲೂ ರಕ್ಷಣೆಯವರು 10 ಮೀಟರ್ ಹಿಂದಕ್ಕೆ ಓಡಬೇಕು, ಮತ್ತೆ ಮುನ್ನುಗ್ಗಿ ಅಪ್ಪಿ ಕೆಡವಬೇಕು, ಮತ್ತೆ ಏಳಬೇಕು. ಮೂರು ಅಥವಾ ಹೆಚ್ಚು ಬಿರುಸಿನ ಪ್ರಯತ್ನಗಳು, ಅಂದರೆ ವೇಗದ ಓಟವೋ ಕೆಡವುವುದೋ, ನಡುವೆ 21 ಸೆಕೆಂಡೂ ಬಿಡುವಿಲ್ಲದೆ ಬಂದರೆ ಅದನ್ನು ಅಲ್ಲಿನ ಸಂಶೋಧಕರು ಒಂದು ಪ್ರತ್ಯೇಕ ಕಂತು ಎಂದು ಎಣಿಸುತ್ತಾರೆ. ಬರೀ ಓಡಿದಾಗ ಆಗುವ ದಣಿವಿಗಿಂತ ಓಟದ ಜೊತೆ ಹಿಡಿತ, ಡಿಕ್ಕಿ ಸೇರಿದಾಗ ಆಗುವ ದಣಿವು ಹೆಚ್ಚು ಎಂದೂ ಅವರು ಕಂಡುಕೊಂಡಿದ್ದಾರೆ. ತಮ್ಮ ಗೆರೆಯ ಹತ್ತಿರ ನಿಂತು ಕಾಯುವಾಗಲೇ ಇಂಥ ಕಂತುಗಳು ಒಂದರ ಹಿಂದೆ ಒಂದು ಬರುತ್ತವೆ. ಅಂದರೆ ಪಂದ್ಯದ ಗತಿ ತೀರ್ಮಾನವಾಗುವ ಗಳಿಗೆಯಲ್ಲೇ ಮೈಗೆ ಹೆಚ್ಚು ಹೊರೆ.

ಈಗ ನಿಮ್ಮ ಆಟಕ್ಕೆ ಬನ್ನಿ. ದಾಳಿಗೆ 30 ಸೆಕೆಂಡ್. ನಿಮ್ಮ ದಾಳಿ ಮುಗಿದ ಕೂಡಲೇ ಅವರ ದಾಳಿ. ನೀವು ಮುಟ್ಟಿ ಓಡಿ ಬಂದು ಗೆರೆ ದಾಟಿ ಬಿದ್ದಿರುತ್ತೀರಿ, ಎದ್ದು ಮೈ ಒರೆಸಿಕೊಳ್ಳುವಷ್ಟರಲ್ಲಿ ಅವರ ರೈಡರ್ ಒಳಗೆ ಬಂದಿರುತ್ತಾನೆ. ಆಗ ನೀವು ಕಾರ್ನರಿನಲ್ಲೋ ಕವರಿನಲ್ಲೋ ಸರಪಳಿ ಕಟ್ಟಿ ಹಿಡಿಯಬೇಕು. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಿಮ್ಮ ಪಾಲಿಗೆ ಅದರ ಅರ್ಧ. ಇಷ್ಟು ಚಿಕ್ಕ ಜಾಗದಲ್ಲಿ ಓಟದ ದೂರ ಕಡಿಮೆ ನಿಜ, ಆದರೆ ನೆಗೆತ, ಹಠಾತ್ ತಿರುವು, ಕಾಲೆಳೆತ, ನಾಲ್ಕು ಜನರ ಭಾರ ಹೊತ್ತು ಗೆರೆಗೆ ಕೈಚಾಚುವುದು, ಅದೂ ಉಸಿರು ಬಿಡುತ್ತಾ ‘ಕಬಡ್ಡಿ ಕಬಡ್ಡಿ’ ಅನ್ನುತ್ತಾ! ಎರಡು ಅರ್ಧಗಳು ತಲಾ 20 ನಿಮಿಷ, ನಡುವೆ 5 ನಿಮಿಷ ವಿರಾಮ. ರಗ್ಬಿಯವರಿಗೆ ಹೇಳಿದ ಮಾತು ನಿಮಗೂ ಹೊಂದುತ್ತದೆ.

ಮೈಯೊಳಗೆ ಏನಾಗುತ್ತದೆ ಎಂದು ತಿಳಿದರೆ ನನ್ನ ಮಾತು ನಿಮಗೆ ಬರೀ ಗೊಣಗಾಟ ಅನಿಸುವುದಿಲ್ಲ. ಸ್ನಾಯುಗಳಲ್ಲಿ ಕ್ರಿಯಾಟಿನ್ ಫಾಸ್ಫೇಟ್ ಎಂಬ ತಕ್ಷಣದ ಇಂಧನದ ಸಣ್ಣ ದಾಸ್ತಾನು ಇರುತ್ತದೆ. ಪೂರ್ತಿ ಬಲ ಹಾಕಿದರೆ ಅದು ಹತ್ತು ಸೆಕೆಂಡಿನೊಳಗೆ ಬಹುಪಾಲು ಖಾಲಿ. ಅರ್ಧದಷ್ಟು ತುಂಬಿಕೊಳ್ಳಲು ಸುಮಾರು ಅರ್ಧ ನಿಮಿಷ ಬೇಕು, ಹೆಚ್ಚುಕಡಿಮೆ ಪೂರ್ತಿ ತುಂಬಲು ಮೂರರಿಂದ ಐದು ನಿಮಿಷ. ನಿಮ್ಮ ಚಾಳಿನ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಎಲ್ಲ ನಲ್ಲಿ ಒಟ್ಟಿಗೆ ಬಿಟ್ಟರೆ ಕ್ಷಣದಲ್ಲಿ ಬರಿದಾಗುತ್ತದೆ, ತುಂಬಲು ಮೋಟಾರು ಓಡುತ್ತಲೇ ಇರಬೇಕು. ಮೈಯಲ್ಲಿ ಆ ಮೋಟಾರಿನ ಕೆಲಸ ಮಾಡುವುದು ನಿಮ್ಮ ಹೃದಯ, ಶ್ವಾಸಕೋಶ ಮತ್ತು ತಿಂದ ಅನ್ನ. ಉಸಿರಿನ ತಾಕತ್ತು ಚೆನ್ನಾಗಿದ್ದವನಲ್ಲಿ ಅದೇ ಅರ್ಧ ನಿಮಿಷದಲ್ಲಿ ಹೆಚ್ಚು ತುಂಬಿಕೊಳ್ಳುತ್ತದೆ. ಅದಕ್ಕೇ ಜಿಮ್ಮಿಗೆ ಮಾತ್ರ ಹೋಗುವವನೂ ಸೋಲುತ್ತಾನೆ, ಬೆಳಿಗ್ಗೆ ನಾಲ್ಕು ಕಿಲೋಮೀಟರ್ ನಿಧಾನ ಓಡಿ ಸಾಕು ಅನ್ನುವವನೂ ಸೋಲುತ್ತಾನೆ. ಎರಡೂ ಬೇಕು. ಅವುಗಳ ಮೇಲೆ ಬಿಡುವಿಲ್ಲದೆ ಬಿದ್ದು ಏಳುವ ಅಭ್ಯಾಸವೂ ಬೇಕು.

ಅದನ್ನು ಹೀಗೆ ಮಾಡಿ. ಹತ್ತು ಮೀಟರ್ ರಭಸದ ಓಟ, ನೆಲಕ್ಕೆ ಎದೆ ತಾಗಿಸಿ ಏಳುವುದು, ಜೊತೆಗಾರನ ಸೊಂಟ ಹಿಡಿದು ಐದಾರು ಸೆಕೆಂಡ್ ತಳ್ಳಾಟ, ಮತ್ತೆ ಹಿಮ್ಮುಖವಾಗಿ ಸರಿಯುವುದು. ಎಲ್ಲ ಸೇರಿ 20ರಿಂದ 30 ಸೆಕೆಂಡ್. ಅಷ್ಟೇ ಹೊತ್ತು ಬಿಡುವು. ಹೀಗೆ ಆರು ಸಲ. ಆಮೇಲೆ ಮೂರು ನಾಲ್ಕು ನಿಮಿಷ ನಡೆದಾಡಿ, ಇನ್ನೊಂದು ಸುತ್ತು. ವಾರಕ್ಕೆ ಎರಡು ದಿನ ಸಾಕು, ನಡುವೆ ಎರಡು ದಿನವಾದರೂ ಅಂತರವಿರಲಿ. ಮೊದಲ ವಾರವೇ ಹತ್ತು ಸುತ್ತು ಹಾಕಿ ವಾಂತಿ ಮಾಡಿಕೊಳ್ಳುವುದು ಪೌರುಷವಲ್ಲ. ಅತಿಯಾದರೆ ಅಮೃತವೂ ವಿಷ. ವಾರ ವಾರಕ್ಕೆ ಒಂದೆರಡು ಸಲ ಹೆಚ್ಚಿಸುತ್ತ ಹೋದರೆ ಎರಡು ತಿಂಗಳಿಗೆ ನಿಮಗೇ ವ್ಯತ್ಯಾಸ ತಿಳಿಯುತ್ತದೆ.

ಬೈನಾ ಮರಳಿನಲ್ಲಿ ಅಭ್ಯಾಸ ಮಾಡುವವರಿಗೆ ಒಂದು ಮಾತು. ಮರಳಿನಲ್ಲಿ ಓಡಿದರೆ ಕಾಲಿಗೆ ಕೆಲಸ ಹೆಚ್ಚು, ಬಿದ್ದರೆ ಪೆಟ್ಟು ಕಡಿಮೆ. ಅದು ಒಳ್ಳೆಯದೇ. ಆದರೆ ನೀರಿನಂಚಿನ ಇಳಿಜಾರಿನಲ್ಲಿ ಒಂದೇ ದಿಕ್ಕಿಗೆ ಓಡಬೇಡಿ, ಒಂದು ಮೊಣಕಾಲಿನ ಮೇಲೆ, ಒಂದು ಕಡೆಯ ಸೊಂಟದ ಮೇಲೆ ಭಾರ ಬೀಳುತ್ತದೆ. ಮರಳಿನಲ್ಲೇ ತಿಂಗಳುಗಟ್ಟಲೆ ಆಡಿ ಒಮ್ಮೆಲೇ ಮ್ಯಾಟಿನ ಮೇಲೆ ಇಳಿಯಬೇಡಿ. ಮರಳು ಕಾಲನ್ನು ಜಾರಲು ಬಿಡುತ್ತದೆ, ಮ್ಯಾಟು ಹಿಡಿದುಕೊಳ್ಳುತ್ತದೆ. ಪಾದ ನಿಂತು ಮೊಣಕಾಲು ತಿರುಗಿದರೆ ಒಳಗಿನ ಕಟ್ಟು (ಲಿಗಮೆಂಟ್) ಹರಿಯುತ್ತದೆ. ಪಂದ್ಯ ಮ್ಯಾಟಿನ ಮೇಲೆ ಇದ್ದರೆ ಅದಕ್ಕೆ ಮೊದಲು ಕೆಲವು ದಿನವಾದರೂ ಎಲ್ಲಿಯಾದರೂ ಮ್ಯಾಟು ಹುಡುಕಿ ಆಡಿ, ಮ್ಯಾಟಿನ ಶೂ ಹಾಕಿಕೊಳ್ಳಿ. ಸಾಲ ಮಾಡಿಯಾದರೂ ಮೊಬೈಲು ಬದಲಿಸುವ ನೀವು ಸರಿಯಾದ ಶೂ ಕೊಳ್ಳಲು ಹಿಂದೆಮುಂದೆ ನೋಡುವುದು ನನಗೆ ಅರ್ಥವಾಗುವುದಿಲ್ಲ.

ಆಟಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುವುದು ಎಂದರೆ ತೊಡೆ ತಟ್ಟಿ ನಾಲ್ಕು ಸಲ ಕುಪ್ಪಳಿಸುವುದಲ್ಲ. ಹದಿನೈದು ನಿಮಿಷ ತೆಗೆದಿಡಿ. ನಿಧಾನ ಓಟ, ಪಕ್ಕಕ್ಕೆ ಸರಿಯುವುದು, ಕಾಲು ಬೀಸುವುದು, ಒಂದೇ ಕಾಲಿನ ಮೇಲೆ ಸಮತೋಲ, ಕೊನೆಗೆ ಎರಡು ಮೂರು ರಭಸದ ದಾಳಿ. ತೊಡೆಯ ಹಿಂಭಾಗದ ಸ್ನಾಯುವಿಗಾಗಿ ಒಂದು ಸುಲಭದ ವ್ಯಾಯಾಮವಿದೆ. ಮಂಡಿಯೂರಿ ಕೂತು, ಹಿಂದಿನಿಂದ ಗೆಳೆಯ ಹಿಮ್ಮಡಿ ಒತ್ತಿ ಹಿಡಿದಿರಲಿ, ಸೊಂಟ ಬಾಗಿಸದೆ ನಿಧಾನಕ್ಕೆ ಮುಂದಕ್ಕೆ ಬಾಗುತ್ತ ಹೋಗಿ, ಕೊನೆಗೆ ಕೈಯೂರಿ. ಫುಟ್‌ಬಾಲಿನಲ್ಲಿ ಇದನ್ನು ನಿಯಮವಾಗಿ ಮಾಡಿದವರಲ್ಲಿ ಆ ಸ್ನಾಯು ಹರಿಯುವುದು ಅರ್ಧದಷ್ಟು ಕಡಿಮೆಯಾಗಿದೆ. ಖರ್ಚು ಒಂದು ಪೈಸೆಯಿಲ್ಲ. ಉಗುರು ಕತ್ತರಿಸಿ, ಕಡಗ, ಸರ, ಉಂಗುರ ತೆಗೆದಿಡಿ. ನಿಯಮವೂ ಅದನ್ನೇ ಹೇಳುತ್ತದೆ.

ಇನ್ನು ನನ್ನ ಹೊಟ್ಟೆ ಉರಿಸುವ ವಿಷಯಕ್ಕೆ ಬರುತ್ತೇನೆ. ತೂಕದ ಪಂದ್ಯಗಳು. ಊರ ಕಡೆಯ ಟೂರ್ನಿಗಳಲ್ಲಿ 55 ಕೆಜಿ, 60 ಕೆಜಿ, 65 ಕೆಜಿ ಎಂದು ವಿಭಾಗ ಮಾಡುತ್ತಾರೆ. ಸಮಬಲದವರು ಆಡಲಿ ಎಂಬ ಒಳ್ಳೆಯ ಉದ್ದೇಶ ಅದು. ನೀವು ಮಾಡುವುದೇನು? 68 ಕೆಜಿ ಇರುವವರು ಎರಡು ದಿನ ಊಟ ಬಿಟ್ಟು, ನೀರು ಬಿಟ್ಟು, ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಓಡಿ, ಬಾಯಲ್ಲಿ ಬಂದ ಉಗುಳನ್ನೂ ಉಗುಳಿ 65ರ ಕಾಟಾ ಮೇಲೆ ನಿಲ್ಲುತ್ತೀರಿ. ಆಮೇಲೆ ಒಂದೇ ಸಲ ಎರಡು ಲೀಟರ್ ನೀರು, ಎರಡು ಪ್ಲೇಟ್ ಬಿರಿಯಾನಿ ಹೊಡೆದು ಅಂಕಣಕ್ಕೆ ಇಳಿಯುತ್ತೀರಿ. ಹೀಗೆ ಕಳೆದುಕೊಂಡದ್ದು ಕೊಬ್ಬಲ್ಲ. ಅದು ರಕ್ತದಲ್ಲಿದ್ದ ನೀರು, ಸ್ನಾಯುವಿನಲ್ಲಿ ಕೂಡಿಟ್ಟ ಇಂಧನ. ಮೈತೂಕದ ನೂರಕ್ಕೆ ಎರಡರಷ್ಟು ನೀರು ಹೋದರೂ ಆಟ ಕುಗ್ಗುತ್ತದೆ. 68ರಲ್ಲಿ ಮೂರು ಕೆಜಿ ಅಂದರೆ ನೂರಕ್ಕೆ ನಾಲ್ಕರ ಮೇಲಾಯಿತು. ಗಂಟೆ ಎರಡು ಗಂಟೆಯಲ್ಲಿ ಅದು ವಾಪಸ್ ಬರುವುದಿಲ್ಲ. ರಕ್ತ ಗಟ್ಟಿಯಾದರೆ ಹೃದಯ ಹೆಚ್ಚು ಬಡಿಯಬೇಕು, ಬೆವರಲು ನೀರಿಲ್ಲದ ಮೈ ಒಳಗೇ ಕುದಿಯಬೇಕು. ಕುಸ್ತಿಯಲ್ಲಿ ಹೀಗೆ ತೂಕ ಇಳಿಸಲು ಹೋಗಿ ಪ್ರಾಣ ಬಿಟ್ಟ ಹುಡುಗರಿದ್ದಾರೆ. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಸತ್ತ ಮೇಲೆ ಅಲ್ಲಿನ ನಿಯಮಗಳನ್ನೇ ಬದಲಿಸಿದರು.

ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ಹಿರಿಯರು ಹಣದ ವಿಷಯಕ್ಕೆ ಮಾತ್ರ ಹೇಳಿದ್ದಲ್ಲ. ನಿಮ್ಮ ಸಹಜ ತೂಕ 68 ಆದರೆ ಮೇಲಿನ ವಿಭಾಗದಲ್ಲಿ ಆಡಿ. ಇಳಿಸಲೇಬೇಕಿದ್ದರೆ ಎರಡು ಮೂರು ತಿಂಗಳ ಮುಂಚೆ ಶುರು ಮಾಡಿ, ವಾರಕ್ಕೆ ಅರ್ಧ ಕೆಜಿಯಂತೆ, ಕರಿದದ್ದು ಬಿಟ್ಟು, ಸಿಹಿ ಬಿಟ್ಟು, ಸಂಜೆಯ ಭಜಿ ಬಿಟ್ಟು ಇಳಿಸಿ. ಬೆಳೆಯುವ ವಯಸ್ಸಿನವರಂತೂ, ಹದಿನೆಂಟರ ಒಳಗಿನವರು, ಇದಕ್ಕೆ ಕೈ ಹಾಕಲೇಬೇಡಿ. ಹುಡುಗರಿಗೆ ‘ಎರಡು ಕೆಜಿ ಇಳಿಸಿಕೊಂಡು ಬಾ’ ಎನ್ನುವ ತಂಡದ ದೊಡ್ಡವರಿಗೂ ಹೇಳುತ್ತೇನೆ: ಆ ಮಾತು ಇನ್ನು ಬೇಡ. ಗೆದ್ದು ತರುವ ಕಪ್ಪಿಗಿಂತ ಆ ಹುಡುಗನ ಮೂತ್ರಪಿಂಡ ದೊಡ್ಡದು.

ವಾಸ್ಕೋದ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಿಮ್ಮ ಹಿರಿಯರು ಆಡಿದ್ದು ಬಯಲುಸೀಮೆಯ ಒಣ ಗಾಳಿಯಲ್ಲಿ, ಅಲ್ಲಿ ಬೆವರು ಬಂದದ್ದು ಆರಿ ಮೈ ತಣ್ಣಗಾಗುತ್ತದೆ. ಇಲ್ಲಿ ಕಡಲ ಗಾಳಿಯಲ್ಲಿ ತೇವವೇ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ಬೆವರು ಧಾರೆಯಾಗಿ ಹರಿಯುತ್ತದೆಯೇ ಹೊರತು ಆರುವುದಿಲ್ಲ, ಮೈ ತಣಿಯುವುದಿಲ್ಲ. ಆ ತಿಂಗಳುಗಳಲ್ಲಿ ಹಗಲು ಆಟ ಬೇಡ, ಬೆಳಿಗ್ಗೆ ಬೇಗ ಅಥವಾ ಸೂರ್ಯ ಮುಳುಗಿದ ಮೇಲೆ ಆಡಿ. ಆಟಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತೂಕ ನೋಡಿಕೊಳ್ಳಿ. ಕಡಿಮೆಯಾದ ಪ್ರತಿ ಕೆಜಿಗೆ ಒಂದೂವರೆ ಲೀಟರಿನಂತೆ ಕೆಲವು ಗಂಟೆಗಳಲ್ಲಿ ಗುಟುಕು ಗುಟುಕಾಗಿ ಕುಡಿಯಿರಿ. ಬರೀ ನೀರನ್ನೇ ಹೊಟ್ಟೆ ಉಬ್ಬುವಷ್ಟು ಸುರಿದುಕೊಳ್ಳಬೇಡಿ, ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟದ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಒಂದು ಲಿಂಬೆ ಹಿಂಡಿ. ಗೋವಾದಲ್ಲಿ ಇದ್ದೀರಿ, ಕೋಕಂ ಶರಬತ್ತಿಗೆ ಚಿಟಿಕೆ ಉಪ್ಪು ಹಾಕಿ ಕುಡಿಯಿರಿ, ಎಳನೀರು ಕುಡಿಯಿರಿ, ಮಜ್ಜಿಗೆ ಕುಡಿಯಿರಿ. ಡಬ್ಬಿಯಲ್ಲಿ ಬರುವ ಎನರ್ಜಿ ಡ್ರಿಂಕು ಎದೆ ಬಡಿತ ಏರಿಸುತ್ತದೆ, ನಿದ್ದೆ ಕೆಡಿಸುತ್ತದೆ. ಆ ದುಡ್ಡಿಗೆ ಬಾಳೆಹಣ್ಣು ತನ್ನಿ.

ಊಟದ ವಿಷಯದಲ್ಲಿ ನಿಮ್ಮ ಮನೆಯ ತಾಟೇ ಸಾಕಷ್ಟು ಒಳ್ಳೆಯದು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಳಕೆ ಕಾಳಿನ ಪಲ್ಯ, ಮೊಸರು. ಇಲ್ಲಿನ ಮೀನು ಸಿಕ್ಕರೆ ಬಿಡಬೇಡಿ, ಮೊಟ್ಟೆ ತಿನ್ನುವವರು ತಿನ್ನಿ. ಬಂದರಿನಲ್ಲೋ ಕಟ್ಟಡದ ಕೆಲಸದಲ್ಲೋ ದಿನವಿಡೀ ಭಾರ ಹೊತ್ತು, ಮಧ್ಯಾಹ್ನ ಒಂದು ಪಾವ್ ಭಾಜಿ ತಿಂದು, ಸಂಜೆ ನೇರ ಅಂಕಣಕ್ಕೆ ಇಳಿಯುತ್ತೀರಲ್ಲ, ಅದು ತಪ್ಪು. ದುಡಿದ ಮೈಗೆ ಅದಾಗಲೇ ಒಂದು ಪಂದ್ಯ ಆಡಿದಷ್ಟು ದಣಿವು. ಆಟಕ್ಕೆ ಒಂದೆರಡು ಗಂಟೆ ಮುಂಚೆ ಅವಲಕ್ಕಿಯೋ ಬಾಳೆಹಣ್ಣೋ ಹೊಟ್ಟೆಗೆ ಬೀಳಲಿ. ದೊಡ್ಡ ಊಟವಾದರೆ ಮೂರು ಗಂಟೆ ಮುಂಚೆ. ಆಟ ಮುಗಿದ ಒಂದು ಗಂಟೆಯೊಳಗೆ ಅನ್ನ ಸಾರು, ಕಾಳು, ಹಾಲು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಮಾತು ಆಟಗಾರನಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಭಾರದ ಕೆಲಸವಿದ್ದ ದಿನ ಬಿರುಸಿನ ಅಭ್ಯಾಸ ಬೇಡ. ಚುರುಕು ಕಾಲಾಟ, ಹಿಡಿತದ ಸೂಕ್ಷ್ಮ ಇವನ್ನಷ್ಟೇ ಮಾಡಿ ಮನೆಗೆ ಹೋಗಿ ಮಲಗಿ.

ಊರಿನ ರಾತ್ರಿ ಟೂರ್ನಿಗಳ ಬಗ್ಗೆ ಹೇಳದಿದ್ದರೆ ನನ್ನ ಮಾತು ಅರ್ಧವೇ ಆದೀತು. ಜಾತ್ರೆ ಬಂತೆಂದರೆ ಶನಿವಾರ ಕೆಲಸ ಮುಗಿಸಿ ರೈಲು ಹತ್ತಿ, ಜಾಗವಿಲ್ಲದೆ ಬಾಗಿಲ ಬಳಿ ಕೂತು, ದೂಧಸಾಗರ, ಲೋಂಡಾ ದಾಟಿ ಊರು ಸೇರುತ್ತೀರಿ. ಹೊನಲು ಬೆಳಕಿನಲ್ಲಿ ರಾತ್ರಿ ಹತ್ತಕ್ಕೆ ಮೊದಲ ಪಂದ್ಯ. ಗೆದ್ದರೆ ಹನ್ನೆರಡಕ್ಕೆ ಎರಡನೆಯದು, ಎರಡೂವರೆಗೆ ಮೂರನೆಯದು, ಬೆಳಗಿನ ಜಾವ ಫೈನಲ್. ಸೋಮವಾರ ಬೆಳಿಗ್ಗೆ ಮತ್ತೆ ವಾಸ್ಕೋದಲ್ಲಿ ಕೆಲಸಕ್ಕೆ ಹಾಜರ್. ನಿಮ್ಮ ಹುಮ್ಮಸ್ಸಿಗೆ ನಾನು ಅಡ್ಡ ಬರುವುದಿಲ್ಲ. ಆದರೆ ಡಿಕ್ಕಿಯ ಆಟದಲ್ಲಿ ಸ್ನಾಯುಗಳಿಗೆ ಬರೀ ದಣಿವಲ್ಲ, ಗಾಯವೂ ಆಗಿರುತ್ತದೆ. ರಗ್ಬಿ ಆಡಿದವರ ರಕ್ತ ಪರೀಕ್ಷಿಸಿದರೆ ಆ ಗಾಯದ ಗುರುತು ಮಾರನೆಯ ದಿನ ಹೆಚ್ಚಾಗಿ ಕಂಡು, ಎರಡು ಮೂರು ದಿನ ಉಳಿದಿರುತ್ತದೆ. ನೀವು ಒಂದೇ ರಾತ್ರಿ ನಾಲ್ಕು ಪಂದ್ಯ ಆಡುತ್ತೀರಿ. ಹಾಗಾದರೆ ಪಂದ್ಯಗಳ ನಡುವಿನ ಹೊತ್ತನ್ನಾದರೂ ಸರಿಯಾಗಿ ಬಳಸಿಕೊಳ್ಳಿ.

ಮೊದಲ ಪಂದ್ಯ ಮುಗಿದ ಕೂಡಲೇ ಜಾತ್ರೆ ತಿರುಗಲು ಹೊರಡಬೇಡಿ. ಐದು ನಿಮಿಷ ನಡೆದಾಡಿ ಉಸಿರು ಇಳಿಸಿ, ಬೆವರಿದ ಬನಿಯನ್ ಬದಲಿಸಿ, ಉಪ್ಪು ಸಕ್ಕರೆಯ ನೀರು ಕುಡಿದು, ಎರಡು ಬಾಳೆಹಣ್ಣೋ ಬೆಲ್ಲದ ಶೇಂಗಾ ಉಂಡೆಯೋ ತಿಂದು, ಕಾಲು ಚಾಚಿ ಮಲಗಿ. ಕಣ್ಣು ಹತ್ತಿದರೆ ಇನ್ನೂ ಒಳ್ಳೆಯದು. ಒಬ್ಬರು ಎಚ್ಚರವಿದ್ದು ಎಬ್ಬಿಸಲಿ. ಮುಂದಿನ ಪಂದ್ಯಕ್ಕೆ ಮುಂಚೆ ಮತ್ತೆ ಮೈ ಬಿಸಿ ಮಾಡಿಕೊಳ್ಳಿ, ತಣ್ಣಗಾದ ಮೈಯಲ್ಲಿ ಇಳಿದಾಗಲೇ ಸ್ನಾಯು ಹರಿಯುವುದು. ಸಂಘಟಕರು ಮೊಟ್ಟೆ ಸಾರು, ಕೋಳಿ ಊಟ ಕೊಟ್ಟರೆ ಅದನ್ನು ಪಂದ್ಯಗಳೆಲ್ಲ ಮುಗಿದ ಮೇಲೆ ಉಣ್ಣಿ. ಗೆದ್ದ ಸಂಭ್ರಮಕ್ಕೆಂದು ಗುಟ್ಕಾ, ಸಿಗರೇಟು, ಬಾಟಲಿ ಯಾವುದೂ ಬೇಡ. ಗೋವಾದಲ್ಲಿ ಮದ್ಯ ಅಗ್ಗವಾಗಿ ಸಿಗುತ್ತದೆ ಎಂದು ಚೀಲದಲ್ಲಿ ತುಂಬಿಕೊಂಡು ಹೋಗುವವರು ಇದ್ದಾರೆ. ಕುಡಿತ ಮೈಯ ನೀರನ್ನು ಹೊರಹಾಕುತ್ತದೆ, ಗಾಯ ಮಾಯುವುದನ್ನು ತಡಮಾಡುತ್ತದೆ. ತಿಳಿದೂ ತಿಳಿದೂ ಮಾಡುವ ತಪ್ಪಿಗೆ ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಬಿಟ್ಟು ಬೇರೆ ಮಾತಿಲ್ಲ.

ತಂಡದ ನಾಯಕರಿಗೂ ಹೇಳುವುದಿದೆ. ಒಬ್ಬ ಚೆನ್ನಾಗಿ ದಾಳಿ ಮಾಡುತ್ತಾನೆಂದು ಪ್ರತಿ ಸಲ ಅವನನ್ನೇ ಕಳಿಸುತ್ತೀರಿ. ನಾಲ್ಕನೆಯ ಸಲಕ್ಕೆ ಅವನ ಟ್ಯಾಂಕು ಬರಿದು, ಐದನೆಯ ಸಲ ಸಿಕ್ಕಿಬೀಳುತ್ತಾನೆ, ಸಿಟ್ಟು ಅವನ ಮೇಲೆ. ನಮ್ಮ ಕನ್ನಡಿಗ ಬಿ.ಸಿ. ರಮೇಶ್ ತರಬೇತಿಯಲ್ಲಿ ಪುಣೇರಿ ಪಲ್ಟನ್ 2024ರಲ್ಲಿ ಪ್ರೊ ಕಬಡ್ಡಿ ಗೆದ್ದಾಗ ದಾಳಿಯ ಭಾರ ಒಬ್ಬನ ತಲೆಯ ಮೇಲೆ ಇರಲಿಲ್ಲ, ಮೂರು ನಾಲ್ಕು ಜನ ಹಂಚಿಕೊಂಡಿದ್ದರು. ನೀವೂ ಹಾಗೆ ಹಂಚಿ. ಬೆಂಚಿನಲ್ಲಿ ಐವರು ಕೂತಿರುವುದು ಚಪ್ಪಾಳೆ ಹೊಡೆಯಲಿಕ್ಕಲ್ಲ. ಟೈಮ್‌ಔಟ್ ಇರುವುದು ಬೈಯಲಿಕ್ಕಲ್ಲ, ಉಸಿರು ತಿರುಗಿಸಿಕೊಳ್ಳಲಿಕ್ಕೆ. ಆ 30 ಸೆಕೆಂಡಿನಲ್ಲಿ ಮೊದಲು ನೀರು, ಆಮೇಲೆ ಮಾತು.

ಈಗ ಗಾಯದ ವಿಷಯ. ಪಾದದ ಕೀಲು ಉಳುಕಿದರೆ, ಮೊಣಕಾಲು ತಿರುಚಿದರೆ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿಸಿಕೊಳ್ಳುತ್ತೀರಿ, ಬಿಸಿ ಶಾಖ ಕೊಡುತ್ತೀರಿ. ಮೊದಲ ಎರಡು ದಿನ ಅದು ಬೇಡವೇ ಬೇಡ, ಒಳಗೆ ರಕ್ತ ಸುರಿಯುವುದು ಹೆಚ್ಚುತ್ತದೆ. ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ಇಪ್ಪತ್ತು ನಿಮಿಷ ಇಡಿ, ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಮೊಣಕಾಲಿನಲ್ಲಿ ‘ಟಪ್’ ಎಂದು ಸದ್ದಾಗಿ ಕೆಲವೇ ಗಂಟೆಗಳಲ್ಲಿ ಊದಿದರೆ, ಕಾಲು ಊರಿದಾಗ ಒಳಗೆ ಜಾರಿದಂತಾದರೆ, ಕಟ್ಟು ಹರಿದಿರಬಹುದು. ಊದು ಇಳಿಯಿತು, ನೋವು ಹೋಯಿತು ಎಂದು ಮತ್ತೆ ಅಂಕಣಕ್ಕೆ ಇಳಿದವರ ಮೊಣಕಾಲಿನೊಳಗಿನ ಮೃದ್ವಸ್ಥಿಯೂ ಹಾಳಾಗುತ್ತದೆ. ಚಿಖಲಿಯ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ, ಅವರು ಬೇಕೆಂದರೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ಬರೆದುಕೊಡುತ್ತಾರೆ. ನೋವಿನ ಮಾತ್ರೆ ನುಂಗಿ, ಸ್ಪ್ರೇ ಹೊಡೆದುಕೊಂಡು ಆಡಬೇಡಿ. ನೋವು ಅಂದರೆ ಮೈ ನಿಮಗೆ ಹೇಳುವ ಬುದ್ಧಿಮಾತು. ಬೆವರಿ ನೀರಿಳಿದ ಮೈಗೆ ಆ ಮಾತ್ರೆಗಳು ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತವೆ. ಯಾರೋ ಜಿಮ್ಮಿನಲ್ಲಿ ಕೊಟ್ಟ ಇಂಜೆಕ್ಷನ್ ತೆಗೆದುಕೊಳ್ಳುವುದಂತೂ ಆರೋಗ್ಯಕ್ಕೂ ಕೇಡು, ಸಿಕ್ಕಿಬಿದ್ದರೆ ಆಟಕ್ಕೂ ನಿಷೇಧ.

ತಲೆಗೆ ಪೆಟ್ಟಾದರೆ ನನ್ನ ಮಾತು ಇನ್ನೂ ಖಡಾಖಂಡಿತ. ಹಿಡಿಯಲು ನುಗ್ಗುವಾಗ ಮೊಣಕಾಲು ತಲೆಗೆ ಬಡಿಯುತ್ತದೆ, ನಾಲ್ಕು ಜನ ಒಟ್ಟಿಗೆ ಬಿದ್ದಾಗ ತಲೆಗೆ ತಲೆ ಹೊಡೆಯುತ್ತದೆ. ಮುಖಕ್ಕೆ ನೀರೆರಚಿ, ‘ಏನೂ ಆಗಿಲ್ಲ ಬಾ’ ಎಂದು ಎಬ್ಬಿಸಿ ನಿಲ್ಲಿಸುತ್ತೀರಿ. ರಗ್ಬಿಯವರು ಇದಕ್ಕೆ ಈಗ ಗಟ್ಟಿ ನಿಯಮ ಮಾಡಿಕೊಂಡಿದ್ದಾರೆ: ಊರುಕೇರಿಯ ಆಟದಲ್ಲಿ ಅನುಮಾನ ಬಂದರೂ ಸಾಕು, ಆಟಗಾರ ಹೊರಗೆ, ಆ ದಿನ ಮತ್ತೆ ಒಳಗೆ ಬರುವಂತಿಲ್ಲ. ನೀವೂ ಅದನ್ನೇ ಪಾಲಿಸಿ. ಒಂದು ಕ್ಷಣ ಕಣ್ಣು ಕತ್ತಲಾದರೂ, ಅಂಕ ಎಷ್ಟು ಎಂದು ತಪ್ಪು ಹೇಳಿದರೂ, ಹೆಜ್ಜೆ ತೂರಾಡಿದರೂ, ಎದುರು ತಂಡ ಯಾವುದು ಎಂದು ಮರೆತರೂ ಅವನನ್ನು ಕೂರಿಸಿ. ರಾತ್ರಿ ಒಬ್ಬನೇ ಮಲಗಲು ಬಿಡಬೇಡಿ, ಬೈಕ್ ಓಡಿಸಲು ಕೊಡಬೇಡಿ. ವಾಂತಿ, ಹೆಚ್ಚುತ್ತ ಹೋಗುವ ತಲೆನೋವು, ಫಿಟ್ಸ್, ಕತ್ತು ನೋವು, ಕೈಕಾಲು ಜೋಮು ಇದ್ದರೆ 108ಕ್ಕೆ ಫೋನ್ ಮಾಡಿ. ಕತ್ತು ನೋವು ಅನ್ನುವವನನ್ನು ಕೈಕಾಲು ಹಿಡಿದು ಎತ್ತಬೇಡಿ, ಬಿದ್ದಲ್ಲೇ ಅಲುಗಾಡದಂತೆ ಹಿಡಿದಿಡಿ. ಬಿಸಿಲಿಗೆ ಆಡುವಾಗ ಒಬ್ಬ ಅಸಂಬದ್ಧ ಮಾತನಾಡತೊಡಗಿ ಮೈ ಸುಡುತ್ತಿದ್ದರೆ ಅದು ಬಿಸಿಲಾಘಾತ. ಆಂಬ್ಯುಲೆನ್ಸ್ ಬರುವ ತನಕ ಕಾಯದೆ ಬಟ್ಟೆ ಸಡಿಲಿಸಿ ತಣ್ಣೀರು ಸುರಿಯುತ್ತಲೇ ಇರಿ.

ಹಿಡಿಯುವ ಕ್ರಮವನ್ನು ಕಲಿಸುವಾಗಲೇ ತಲೆ ಕಾಯುವುದನ್ನೂ ಕಲಿಸಿ. ತಲೆ ತಗ್ಗಿಸಿ ನೆಲ ನೋಡುತ್ತ ನುಗ್ಗುವವನೇ ಮೊದಲು ಪೆಟ್ಟು ತಿನ್ನುವುದು. ಕಣ್ಣು ಎದುರಾಳಿಯ ಸೊಂಟದ ಮೇಲಿರಲಿ, ತಲೆ ಅವನ ಮೈಯ ಪಕ್ಕಕ್ಕೆ ಇರಲಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಮೊದಲು ಬೀಳುವುದನ್ನು, ಹೊರಳುವುದನ್ನು ಕಲಿಸಿ, ಡ್ಯಾಶ್ ಹೊಡೆಯುವುದು ಆಮೇಲೆ.

ಹೆಣ್ಣುಮಕ್ಕಳೇ, ನಿಮಗೂ ಒಂದು ಮಾತು. ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದು ಅರ್ಜುನ ಪ್ರಶಸ್ತಿ ಪಡೆದವರು, ಹಳ್ಳಿಯ ಶಾಲೆಯಿಂದ ಬಂದವರು. ನಿಮ್ಮಿಂದಲೂ ಆಗುತ್ತದೆ. ಹುಡುಗರಿಗಿಂತ ನಿಮಗೆ ಮೊಣಕಾಲಿನ ಕಟ್ಟು ಹರಿಯುವ ಅಪಾಯ ಹೆಚ್ಚು, ಆದ್ದರಿಂದ ನೆಗೆದು ಇಳಿಯುವಾಗ ಮೊಣಕಾಲು ಒಳಕ್ಕೆ ವಾಲದಂತೆ ಅಭ್ಯಾಸ ಮಾಡಿಕೊಳ್ಳಿ. ಬೇಗ ಏದುಸಿರು, ತಲೆಸುತ್ತು ಬರುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ಉಸಿರು ಸಾಲುವುದಿಲ್ಲ. ಸೊಪ್ಪು, ಕಾಳು, ಬೆಲ್ಲ, ಲಿಂಬೆ ಹಿಂಡಿದ ಕೋಸಂಬರಿ ದಿನವೂ ಇರಲಿ, ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಚಹಾದ ಜೊತೆ ನುಂಗಬೇಡಿ. ಮುಟ್ಟು ನಿಂತುಹೋದರೆ ಆಟದಿಂದ ಹಾಗಾಗುತ್ತದೆ ಎಂದು ಸುಮ್ಮನಿರಬೇಡಿ. ಉಣ್ಣುವುದು ಸಾಲದೇ ಹೋಗಿರುವುದರ ಗುರುತು ಅದಾಗಿರಬಹುದು, ಹಾಗಿದ್ದರೆ ಎಲುಬು ಸವೆಯುತ್ತದೆ. ಡಾಕ್ಟರಿಗೆ ಹೇಳಿ, ನಾಚಿಕೆ ಬೇಡ.

ನಿದ್ದೆಯ ಬಗ್ಗೆ ಉದ್ದ ಹೇಳುವುದಿಲ್ಲ. ರಾತ್ರಿ ಎಂಟು ಗಂಟೆ ಮಲಗಿ, ಮೊಬೈಲನ್ನು ತಲೆದಿಂಬಿನಿಂದ ದೂರವಿಡಿ. ಮೈ ರಿಪೇರಿಯಾಗುವುದು ಆಗಲೇ.

ಮುಂದಿನ ಸಲ ಊರಿನ ಟೂರ್ನಿಗೆ ಹೊರಡುವಾಗ ಚೀಲದಲ್ಲಿ ಜೆರ್ಸಿಯ ಜೊತೆ ಕ್ರೇಪ್ ಬ್ಯಾಂಡೇಜ್, ಉಪ್ಪು ಸಕ್ಕರೆ ಪೊಟ್ಟಣ, ಒಂದು ಡಜನ್ ಬಾಳೆಹಣ್ಣು, ಎರಡು ಒಣ ಬನಿಯನ್, ಹೊದೆಯಲು ಒಂದು ಚಾದರ ಇಟ್ಟುಕೊಳ್ಳಿ. ಪಂದ್ಯ ಎಲ್ಲಿ, ಜೊತೆಗೆ ಯಾರಿದ್ದಾರೆ ಎಂದು ಮನೆಯಲ್ಲಿ ಹೇಳಿ ಹೋಗಿ. ತಂಡದಲ್ಲಿ ಒಬ್ಬರಾದರೂ ಪ್ರಥಮ ಚಿಕಿತ್ಸೆ ಕಲಿತಿರಲಿ, ಆ ಹೆಸರನ್ನು ಈ ವಾರವೇ ಗೊತ್ತು ಮಾಡಿ.